ಸಾಗರವೆಂಬ ಕೆರೆ: ಹುಸೇನ್‌ಸಾಗರದ ಮೇಲೆ ಒಂದು ಸಂಜೆಯ ದೋಣಿಯಾನ

ಸೊಲ್ಲಾಪುರ, ಅಕ್ಕಲಕೋಟೆಗಳ ಕಡೆಯವರಿಗೆ ಹುಸೇನ್‌ಸಾಗರವೆಂಬುದು ಮೊದಲು ಒಂದು ರೈಲಿನ ಹೆಸರು. ಜಲಾಶಯದ ಹೆಸರೆಂದು ತಿಳಿಯುವುದು ಆಮೇಲೆ. ಮುಂಬಯಿ–ಹೈದರಾಬಾದುಗಳ ನಡುವೆ ಸೊಲ್ಲಾಪುರ, ಕಲಬುರಗಿ, ವಾಡಿಗಳನ್ನು ಹಾದುಹೋಗುವ ಆ ಎಕ್ಸ್‌ಪ್ರೆಸ್ ಗಾಡಿಯಿಂದಾಗಿ ಈ ಹೆಸರು ಗಡಿನಾಡಿನ ಮಂದಿಯ ನಾಲಗೆಯ ಮೇಲೆ ದಿನವೂ ಹೊರಳುತ್ತದೆ. ಆದರೆ ಆ ಗಾಡಿಯಲ್ಲಿ ಹೋಗಿ, ಪರೀಕ್ಷೆಯನ್ನೋ ಆಸ್ಪತ್ರೆಯನ್ನೋ ಮುಗಿಸಿಕೊಂಡು ಮರಳುವವರಲ್ಲಿ ನಿಜವಾದ ಹುಸೇನ್‌ಸಾಗರದ ಮೇಲೆ ಅರ್ಧ ಗಂಟೆ ತೇಲಿದವರು ವಿರಳ. ನಾಂಪಲ್ಲಿಯ ನಿಲ್ದಾಣದಿಂದ ಕೆರೆಯ ದಂಡೆಗೆ ಎರಡು ಮೂರು ಕಿಲೋಮೀಟರು ಮಾತ್ರ. ಸಂಜೆಯ ಹೊತ್ತು ಅಲ್ಲಿ ದೋಣಿ ಹತ್ತುವುದು ಒಂದು ಅಗ್ಗದ ವಿನೋದವೆಂದು ಬಹಳ ಮಂದಿ ತಿಳಿದಿದ್ದಾರೆ. ಅದು ವಿನೋದವೇ ಸರಿ. ಆದರೂ ಕನ್ನಡವನ್ನು ಐಚ್ಛಿಕ ವಿಷಯವಾಗಿ ಓದುವವರು ಆ ಅರ್ಧ ಗಂಟೆಯನ್ನು ಕಣ್ಣು ತೆರೆದು ಕಳೆದರೆ ತರಗತಿಯಲ್ಲಿ ಸಿಗದ ಕೆಲವು ಸಂಗತಿಗಳು ಅಲ್ಲಿ ಸಿಗುತ್ತವೆ.

ಮಹಾಕಾವ್ಯಕ್ಕೆ ಹದಿನೆಂಟು ವರ್ಣನೆಗಳಿರಬೇಕೆಂಬ ಲಕ್ಷಣವನ್ನು ವಿದ್ಯಾರ್ಥಿಗಳು ಕಂಠಪಾಠ ಮಾಡುತ್ತಾರೆ. ಪುರ, ಸಮುದ್ರ, ಪರ್ವತ, ಋತು, ಸೂರ್ಯ ಚಂದ್ರರ ಉದಯ, ಜಲಕ್ರೀಡೆ ಎಂದು ಪಟ್ಟಿ ಒಪ್ಪಿಸುತ್ತಾರೆ. ಆದರೆ ಸ್ವಂತವಾಗಿ ಒಂದು ಸೂರ್ಯಾಸ್ತವನ್ನು ವರ್ಣಿಸಿರೆಂದರೆ ಬರುವುದು ಬಂಗಾರದ ಚೆಂಡು, ಕುಂಕುಮದ ಬೊಟ್ಟು, ಓಕುಳಿಯಾಡಿದ ಬಾನು. ಈ ಉಪಮಾನಗಳಲ್ಲಿ ತಪ್ಪೇನೂ ಇಲ್ಲ. ಹಳೆಯ ಕವಿಗಳೂ ಇಂಥವನ್ನು ಬಳಸಿದ್ದಾರೆ. ಕೊರತೆ ಇರುವುದು ಬೇರೆಡೆ. ಬರೆಯುವವನು ಯಾವ ದಿಕ್ಕಿಗೆ ನಿಂತಿದ್ದ, ಸೂರ್ಯ ಯಾವುದರ ಹಿಂದೆ ಇಳಿದ, ಕೆಂಪು ಮೊದಲು ಎಲ್ಲಿ ಕಾಣಿಸಿತು ಎಂಬ ಪ್ರಶ್ನೆಗೆ ಅಂಥ ಬರೆಹದಲ್ಲಿ ಉತ್ತರವಿರುವುದಿಲ್ಲ.

ಮೊದಲು ಹೆಸರಿನ ಮಾತು. ಇದು ಸಾಗರವಲ್ಲ, ಕೆರೆ. ಕಟ್ಟಿದ ಕೆರೆಗೆ ಸಾಗರವೆಂದೂ ಸಮುದ್ರವೆಂದೂ ಹೆಸರಿಡುವುದು ದಖ್ಖಣದ ಹಳೆಯ ರೂಢಿ. ಹೊಯ್ಸಳರ ರಾಜಧಾನಿ ದೋರಸಮುದ್ರ ಒಂದು ಕೆರೆಯ ಹೆಸರನ್ನೇ ಹೊತ್ತಿತ್ತು. ದಾವಣಗೆರೆ ಸೀಮೆಯ ಸೂಳೆಕೆರೆಗೆ ಶಾಂತಿಸಾಗರವೆಂಬ ಹೆಸರೂ ಉಂಟು. ಸಮುದ್ರ ಕಾಣದ ನಾಡಿನ ಜನ ತಾವು ಕಟ್ಟಿದ ನೀರಿನ ಹರವನ್ನು ಕಂಡು ಹಿಗ್ಗಿ ಇಟ್ಟ ಹೆಸರುಗಳಿವು. ಅತಿಶಯೋಕ್ತಿ ಅಲಂಕಾರ ಗ್ರಂಥಗಳಲ್ಲಿ ಮಾತ್ರ ಇರುವುದಲ್ಲ.

'ಕೆರೆ' ಎಂಬ ಶಬ್ದವಂತೂ ಭಾಷಾಶಾಸ್ತ್ರದ ವಿದ್ಯಾರ್ಥಿಗೆ ಒಂದು ಪಾಠವೇ ಆಗಿದೆ. ಹಳಗನ್ನಡದಲ್ಲಿ ಇದು ಶಕಟರೇಫವುಳ್ಳ 'ಕೆಱೆ'. ಮೂಲ ದ್ರಾವಿಡದ ಕಕಾರವು ಇ, ಎ ಸ್ವರಗಳ ಮುಂದೆ ತೆಲುಗಿನಲ್ಲಿಯೂ ತಮಿಳಿನಲ್ಲಿಯೂ ಚಕಾರವಾಯಿತು. ಕನ್ನಡ ಮಾತ್ರ ಕಕಾರವನ್ನು ಉಳಿಸಿಕೊಂಡಿತು. ಕಿವಿ–ಚೆವಿ, ಕೆಡು–ಚೆಡು ಎಂಬಂತೆ ಕೆರೆ–ಚೆರುವು. ಹೈದರಾಬಾದಿನ ಸುತ್ತ ಬಡಾವಣೆಗಳ ಹೆಸರಿನಲ್ಲಿ ಬರುವ 'ಚೆರುವು' ನಮ್ಮ 'ಕೆರೆ'ಯ ಒಡಹುಟ್ಟು. ತಮಿಳಿನ 'ಸಿರೈ' ಎಂಬ ಜ್ಞಾತಿಶಬ್ದಕ್ಕೆ ಅಣೆಕಟ್ಟೆ ಎಂಬ ಅರ್ಥವೂ ಇದೆ, ಬಂದೀಖಾನೆ ಎಂಬ ಅರ್ಥವೂ ಇದೆ. ಕನ್ನಡದ 'ಸೆರೆ'ಯನ್ನೂ ನಿಘಂಟುಕಾರರು ಇದೇ ಗುಂಪಿಗೆ ಸೇರಿಸುತ್ತಾರೆ. ಎಂದರೆ ಕೆರೆಯೆಂಬುದು ಸೆರೆ ಹಿಡಿದ ನೀರು. ಹರಿದುಹೋಗುವುದನ್ನು ಅಡ್ಡಗಟ್ಟಿ ನಿಲ್ಲಿಸಿದ್ದು. ಈ ಒಂದು ಅರ್ಥವನ್ನು ಮನಸ್ಸಿನಲ್ಲಿಟ್ಟುಕೊಂಡು ದೋಣಿ ಹತ್ತಿದರೆ ಮುಂದೆ ಕಾಣುವುದೆಲ್ಲ ಅರ್ಥವಾಗುತ್ತದೆ.

ಹುಸೇನ್‌ಸಾಗರವನ್ನು ಕಟ್ಟಿದ್ದು 1560ರ ದಶಕದ ಆರಂಭದಲ್ಲಿ, ಗೋಲ್ಕೊಂಡದ ಇಬ್ರಾಹಿಂ ಕುಲಿ ಕುತುಬ್ ಶಾಹನ ಆಳಿಕೆಯಲ್ಲಿ, ಮೂಸಿ ನದಿಗೆ ಸೇರುವ ಒಂದು ಹಳ್ಳಕ್ಕೆ ಅಡ್ಡಲಾಗಿ. ಚಾರ್ಮಿನಾರ್ ಎದ್ದದ್ದು, ಹೈದರಾಬಾದು ನಗರ ಹುಟ್ಟಿದ್ದು 1591ರಲ್ಲಿ. ಸಿಕಂದರಾಬಾದು ಹುಟ್ಟಿದ್ದು ಅದಕ್ಕೂ ಎರಡು ಶತಮಾನಗಳಾಚೆ. ಆದುದರಿಂದ ಇದನ್ನು ನಗರದ ಕೆರೆ ಎನ್ನುವುದಕ್ಕಿಂತ, ಆ ಎರಡೂ ಊರುಗಳನ್ನು ಕೆರೆಯ ನಗರಗಳೆನ್ನುವುದು ಹೆಚ್ಚು ಸರಿ. ಹುಸೇನ್ ಶಾಹ್ ವಲಿ ಎಂಬ ಸೂಫಿ ಸಂತರು ಕಾಮಗಾರಿಯ ಮೇಲ್ವಿಚಾರಣೆ ನಡೆಸಿದರೆಂದು ಪ್ರತೀತಿ. ಅವರು ಕಲಬುರಗಿಯ ಖ್ವಾಜಾ ಬಂದೇನವಾಜರ ವಂಶದವರು. ಕೆರೆಗೆ ತನ್ನ ಹೆಸರು ನಿಲ್ಲಲಿ ಎಂದು ಸುಲ್ತಾನ ಬಯಸಿದ್ದನಂತೆ, ಜನರು ಮಾತ್ರ ಸಂತನ ಹೆಸರನ್ನೇ ಹಿಡಿದರಂತೆ. ಕಥೆಯಲ್ಲಿ ಎಷ್ಟು ನಿಜವೋ, ಹೆಸರಂತೂ ಹಾಗೆಯೇ ಉಳಿದಿದೆ. ಸೊಲ್ಲಾಪುರದಲ್ಲಿಯೂ ಹೀಗೆಯೇ ಅಲ್ಲವೆ? ಸೊನ್ನಲಿಗೆಯ ಸಿದ್ಧರಾಮ ತೋಡಿಸಿದ ಕೆರೆ ಇಂದಿಗೂ ಸಿದ್ಧೇಶ್ವರನ ಹೆಸರಿನಲ್ಲಿದೆ. ಅಲ್ಲಮಪ್ರಭು ಆತನನ್ನು ಕಂಡದ್ದು ಆ ಕೆರೆಯ ಕೆಲಸ ನಡೆಯುತ್ತಿದ್ದ ಸ್ಥಳದಲ್ಲಿಯೇ ಎಂಬುದನ್ನು ಶೂನ್ಯಸಂಪಾದನೆ ಓದಿದವರು ಬಲ್ಲರು. ಸಂತನ ಹೆಸರಿನ ಕೆರೆ ದಖ್ಖಣದಲ್ಲಿ ಒಂದು ಮತಕ್ಕೆ ಸೇರಿದ ಸೊತ್ತಲ್ಲ.

ದೋಣಿಕಟ್ಟೆ ಇರುವುದು ಕೆರೆಯ ದಕ್ಷಿಣದ ತುದಿಯಲ್ಲಿ, ಸಚಿವಾಲಯದ ಬಳಿಯ ಲುಂಬಿನಿ ಉದ್ಯಾನದೊಳಗೆ. ನಾಲ್ಕಾರು ಜನ ಕೂಡುವ ವೇಗದ ದೋಣಿಗಳು, ಮಾಡು ಹೊದಿಸಿದ ದೊಡ್ಡ ಯಂತ್ರದೋಣಿಗಳು, ಅಂತಸ್ತುಗಳುಳ್ಳ ವಿಹಾರನೌಕೆ ಎಂದು ಬಗೆಗಳಿವೆ. ವೇಗದ ದೋಣಿ ಸೂರ್ಯಾಸ್ತಕ್ಕೆ ನಿಷ್ಪ್ರಯೋಜಕ. ಅದು ಕಿರುಚಾಟಕ್ಕೆ ಮಾತ್ರ ಒಪ್ಪುತ್ತದೆ. ದೊಡ್ಡ ದೋಣಿ ನಿಧಾನ, ಜನ ತುಂಬುವವರೆಗೆ ಹೊರಡುವುದಿಲ್ಲ. ಆದುದರಿಂದ ಸೂರ್ಯಾಸ್ತಕ್ಕೆ ಮುಕ್ಕಾಲು ಗಂಟೆ ಮುಂಚೆಯೇ ಕಟ್ಟೆಯ ಮೇಲಿರುವುದು ಲೇಸು. ಹೈದರಾಬಾದಿನಲ್ಲಿ ನವೆಂಬರ್ ಕೊನೆಗೆ ಸೂರ್ಯ ಸುಮಾರು 5:40ಕ್ಕೆ ಮುಳುಗಿದರೆ, ಜುಲೈ ಆರಂಭದಲ್ಲಿ 6:50 ದಾಟುತ್ತದೆ. ಮಳೆಗಾಲದಲ್ಲಿ ಮೋಡ, ಗಾಳಿ. ಆ ಗಾಳಿಯನ್ನು ನೆಚ್ಚಿಯೇ ಹಾಯಿದೋಣಿಗಳ ಪಂದ್ಯಗಳು ಅದೇ ಕಾಲದಲ್ಲಿ ಇಲ್ಲಿ ನಡೆಯುತ್ತವೆ. ನೋಡಲು ಹೋಗುವವರಿಗೆ ಕಾರ್ತಿಕದಿಂದ ಮಾಘದವರೆಗಿನ ಸಂಜೆಗಳೇ ಉತ್ತಮ.

ದೋಣಿ ಕಟ್ಟೆ ಬಿಟ್ಟು ಉತ್ತರಕ್ಕೆ ಮುಖ ಮಾಡಿದೊಡನೆ ಬಲಗಡೆ ಉದ್ದಕ್ಕೂ ಕಾಣುವುದು ಟ್ಯಾಂಕ್ ಬಂಡ್. ಎರಡೂವರೆ ಕಿಲೋಮೀಟರಿಗೂ ಮಿಕ್ಕಿದ ಈ ದಿಬ್ಬವೇ ಕೆರೆಯನ್ನು ಕೆರೆ ಮಾಡಿರುವುದು. ಇಂದು ಅದರ ಮೇಲೆ ವಾಹನಗಳು ಸಾಲುಗಟ್ಟಿ ಓಡುವುದರಿಂದ ರಸ್ತೆಯೆಂದೇ ಎಲ್ಲರೂ ತಿಳಿಯುತ್ತಾರೆ. ಹೆಸರಿನ ಎರಡು ಶಬ್ದಗಳಲ್ಲಿ 'ಬಂಡ್' ಪಾರಸಿಯ 'ಬಂದ್'. ಮರಾಠಿಯ 'ಬಂಧಾರಾ' ಅದರ ದೂರದ ನೆಂಟ. 'ಟ್ಯಾಂಕ್' ಎಂಬುದರ ಹುಟ್ಟನ್ನು ಪೋರ್ಚುಗೀಸಿನಲ್ಲಿ ಹುಡುಕುವವರುಂಟು, ಗುಜರಾತಿಯ 'ಟಾಂಕಿ', ಮರಾಠಿ ಕೋಟೆಗಳ 'ಟಾಕೆ'ಗಳಲ್ಲಿ ಹುಡುಕುವವರೂ ಉಂಟು. ಇಷ್ಟೆಲ್ಲ ಸುತ್ತಾಟ ಬೇಡವೆನ್ನುವವರಿಗೆ ಕನ್ನಡದಲ್ಲಿ ಒಂದೇ ಎರಡಕ್ಷರದ ಶಬ್ದವಿದೆ: ಏರಿ. ವಿಚಿತ್ರವೆಂದರೆ ತಮಿಳಿನಲ್ಲಿ 'ಏರಿ' ಎಂದರೆ ಕೆರೆಯೇ. ಕಟ್ಟೆಯ ಹೆಸರೇ ನೀರಿಗೂ ಆಯಿತು.

ಈ ಏರಿಯ ಮೇಲೆ 1986ರಲ್ಲಿ ನಿಲ್ಲಿಸಿದ ವಿಗ್ರಹಗಳ ಸಾಲಿದೆ. 2011ರ ತೆಲಂಗಾಣ ಚಳವಳಿಯ ಒಂದು ದಿನ ಅವುಗಳಲ್ಲಿ ಹಲವು ಉರುಳಿದ್ದೂ ಉಂಟು. ದೋಣಿಯಿಂದ ಅವು ಬರಿಯ ನೆರಳುಗಳಂತೆ ಕಾಣುತ್ತವೆ. ಯಾರು ಯಾರೆಂದು ತಿಳಿಯಲು ಏರಿಯ ಮೇಲೆ ನಡೆಯಬೇಕು. ಸಾಲಿಗೆ ಆರಿಸಿದ ಹೆಸರುಗಳಲ್ಲಿ ಕೃಷ್ಣದೇವರಾಯನಿದ್ದಾನೆ. ನಟ ಬಳ್ಳಾರಿ ರಾಘವರಿದ್ದಾರೆ. ತೆಲುಗಿನ ಆದಿಕವಿ ನನ್ನಯನಿದ್ದಾನೆ. ನನ್ನಯನಿಗೆ ಭಾರತದ ರಚನೆಯಲ್ಲಿ ನೆರವಾದ ನಾರಾಯಣಭಟ್ಟನನ್ನು ನಂದಂಪೂಡಿಯ ಶಾಸನವು ಸಂಸ್ಕೃತ, ಕರ್ಣಾಟ, ಪ್ರಾಕೃತ, ಪೈಶಾಚಿಕ, ಆಂಧ್ರ ಭಾಷೆಗಳ ಸುಕವಿಯೆಂದು ಹೊಗಳುತ್ತದೆ. ಎರಡು ಭಾಷೆಗಳ ನಡುವೆ ಬೆಳೆಯುವ ಗಡಿನಾಡಿನ ವಿದ್ಯಾರ್ಥಿಗಳು ಆ ಹೆಸರನ್ನು ನೆನಪಿಡಬೇಕು. ನಾರಾಯಣಭಟ್ಟನಿಗೆ ಅಲ್ಲಿ ವಿಗ್ರಹವಿಲ್ಲ.

ಕೆರೆಯ ನಡುವಿನ ಬಂಡೆಗೆ ಹಿಂದೆ ಯಾರೋ ಜಿಬ್ರಾಲ್ಟರ್ ಎಂದು ಹೆಸರಿಟ್ಟರು. ಅದರ ಮೇಲೆ ನಿಂತಿರುವುದು ಏಕಶಿಲೆಯ ಬುದ್ಧ, ಸುಮಾರು 58 ಅಡಿ ಎತ್ತರ. ಭುವನಗಿರಿಯ ಬಳಿಯ ರಾಯಗಿರಿಯಲ್ಲಿ ಕಲ್ಲು ಕಡಿದು ಕೆತ್ತಿ, ನೂರಾರು ಟನ್ ತೂಕದ ಆ ವಿಗ್ರಹವನ್ನು ನಗರಕ್ಕೆ ತಂದರು. 1990ರ ಮಾರ್ಚ್ 10ರಂದು ಅದನ್ನು ತೆಪ್ಪದಂಥ ಚಪ್ಪಟೆ ನಾವೆಯ ಮೇಲೇರಿಸಿ ಬಂಡೆಯ ಕಡೆಗೆ ಸಾಗಿಸುತ್ತಿದ್ದಾಗ ನಾವೆ ವಾಲಿತು. ವಿಗ್ರಹ ನೀರಿಗೆ ಜಾರಿತು. ಕೆಲಸಕ್ಕಿದ್ದವರಲ್ಲಿ ಹಲವರು ಪ್ರಾಣ ಕಳೆದುಕೊಂಡರು. ಎರಡು ವರ್ಷಗಳಿಗೂ ಹೆಚ್ಚು ಕಾಲ ಬುದ್ಧ ಕೆರೆಯ ತಳದಲ್ಲಿ ಮಲಗಿದ್ದ. ಮೇಲೆತ್ತಿ ನಿಲ್ಲಿಸಿದ್ದು 1992ರ ಡಿಸೆಂಬರ್ 1ರಂದು. ಬಂಡೆಯ ಕಡೆ ಹೋಗುವ ದೋಣಿ ಈ ನೀರಿನ ಮೇಲೆಯೇ ಸಾಗುತ್ತದೆ. ಪ್ರವಾಸಿಗಳು ಆಗ ಪಟ ತೆಗೆಯುವ ಭರದಲ್ಲಿರುತ್ತಾರೆ. ವಿಗ್ರಹದ ಎತ್ತರ, ತೂಕಗಳನ್ನು ಹೇಳುವವರು ಬಹಳ. ನಾವೆಯೊಡನೆ ಮುಳುಗಿದವರ ಮಾತೆತ್ತುವವರು ಕಡಿಮೆ. ಅಂಬಿಗರ ಚೌಡಯ್ಯನನ್ನು ಪಾಠವಾಗಿ ಓದಿದವರಿಗಾದರೂ ದೋಣಿ ನಡೆಸುವವರ ನೆನಪು ಅಲ್ಲಿ ಬರತಕ್ಕದ್ದು.

ಇಷ್ಟರಲ್ಲಿ ಬಿಸಿಲು ಓರೆಯಾಗಿರುತ್ತದೆ. ಪಡುವಣ ದಂಡೆಯಲ್ಲಿರುವುದು ನೆಕ್ಲೇಸ್ ರಸ್ತೆ. ಅದರಾಚೆ ಸೋಮಾಜಿಗೂಡಾ, ಖೈರತಾಬಾದುಗಳ ಎತ್ತರದ ಕಟ್ಟಡಗಳು. ಚಳಿಗಾಲದಲ್ಲಿ ಸೂರ್ಯ ನೈಋತ್ಯಕ್ಕೆ ಸರಿದು ಖೈರತಾಬಾದಿನ ಕಡೆ ಇಳಿಯುತ್ತಾನೆ, ಬೇಸಿಗೆಯಲ್ಲಿ ವಾಯವ್ಯಕ್ಕೆ ಸರಿದು ಬೇಗಂಪೇಟೆಯ ಕಡೆ. ಎಲ್ಲ ಕಾಲದಲ್ಲಿಯೂ ಸೂರ್ಯ ಸರಿಯಾಗಿ ಪಶ್ಚಿಮದಲ್ಲಿಯೇ ಮುಳುಗುತ್ತಾನೆಂದು ನಂಬಿದವರಿಗೆ ಎರಡು ಋತುಗಳಲ್ಲಿ ಎರಡು ಸಲ ಬಂದರೆ ಭ್ರಮೆ ಹರಿಯುತ್ತದೆ. ಸೂರ್ಯ 'ಪಡುವ' ದಿಕ್ಕು ಪಡುವಣ, 'ಮೂಡುವ' ದಿಕ್ಕು ಮೂಡಣ ಎಂದು ಕನ್ನಡ ಹೇಳುತ್ತದೆ. ಮರಾಠಿಯ ಆಡುಮಾತಿನಲ್ಲಿಯೂ 'ಉಗವತ', 'ಮಾವಳತ' ಎಂದು ಇದೇ ಜೋಡಿ. ಎರಡು ನುಡಿಗಳೂ ದಿಕ್ಕನ್ನು ಗುರುತಿಸಿದ್ದು ದಿಕ್ಸೂಚಿಯಿಂದಲ್ಲ, ಸೂರ್ಯನ ಕೆಲಸದಿಂದ.

ಕೆಂಪಿಗೆ ಕಾರಣ ಶಾಲೆಯಲ್ಲಿ ಕಲಿತದ್ದೇ. ನೆತ್ತಿಯ ಮೇಲಿನ ಸೂರ್ಯನ ಬೆಳಕು ಗಾಳಿಯ ಪದರವನ್ನು ಅಡ್ಡಲಾಗಿ ಸೀಳಿ ಬೇಗನೆ ಬಂದುಬಿಡುತ್ತದೆ. ಮುಳುಗುವ ಸೂರ್ಯನ ಬೆಳಕು ಅದೇ ಪದರದಲ್ಲಿ ಓರೆಯಾಗಿ, ಬಹುಪಾಲು ಉದ್ದದ ದಾರಿ ಸಾಗಬೇಕು. ಆ ದಾರಿಯಲ್ಲಿ ಗಾಳಿಯ ಅಣುಗಳು ನೀಲಿಯನ್ನು ಸುತ್ತಲೂ ಚೆದುರಿಸಿಬಿಡುತ್ತವೆ. ಕಣ್ಣಿಗೆ ತಲುಪುವುದು ಉಳಿದ ಕಿತ್ತಳೆ, ಕೆಂಪು. ಕಡಿಮೆ ಮಂದಿ ಬಲ್ಲ ಸಂಗತಿ ಇನ್ನೊಂದು. ಗಾಳಿಯು ಬೆಳಕನ್ನು ಬಾಗಿಸುವುದರಿಂದ ದಿಗಂತದ ಬಳಿಯ ಸೂರ್ಯ ತಾನಿರುವ ಸ್ಥಾನಕ್ಕಿಂತ ಮೇಲೆ ಕಾಣುತ್ತಾನೆ. ತೆರಪಾದ ಕಡಲಂಚಿನಲ್ಲಿ ಬಿಂಬದ ಕೆಳತುದಿ ನೀರು ಮುಟ್ಟಿದಂತೆ ಕಾಣುವ ಹೊತ್ತಿಗೆ, ಲೆಕ್ಕದಲ್ಲಿ ಇಡಿಯ ಸೂರ್ಯ ಆಗಲೇ ಕೆಳಗಿಳಿದಿರುತ್ತಾನೆ. ನಾವು ನೋಡುತ್ತಿದ್ದೇವೆಂದು ತಿಳಿದ ಆ ಕೊನೆಯ ಎರಡು ನಿಮಿಷಗಳ ಸೂರ್ಯ ಅಲ್ಲಿಲ್ಲದ ಸೂರ್ಯ. ಯಾವ ಅಲಂಕಾರಿಕನೂ ಇದಕ್ಕೆ ಭ್ರಾಂತಿಮದಲಂಕಾರವೆಂದು ಹೆಸರಿಡಲು ಹಿಂಜರಿಯಲಾರ. ಹುಸೇನ್‌ಸಾಗರದಲ್ಲಿ ಮಾತ್ರ ಆ ಕೊನೆಯ ಕ್ಷಣ ಸಿಗುವುದಿಲ್ಲ. ಕಟ್ಟಡಗಳು ಪಂಚಾಂಗದ ವೇಳೆಗೆ ಕೆಲವು ನಿಮಿಷ ಮೊದಲೇ ಸೂರ್ಯನನ್ನು ಮರೆಮಾಡುತ್ತವೆ. ಎರಡು ಕಟ್ಟಡಗಳ ಸಂದಿಯಲ್ಲಿ ಬಿಂಬ ಸಿಕ್ಕಿದರೆ ಅದೃಷ್ಟ.

ಬಾನಿಗಿಂತ ನೀರನ್ನು ನೋಡುವುದು ಹೆಚ್ಚು ಲಾಭ. ಸೂರ್ಯನಿಂದ ದೋಣಿಯವರೆಗೆ ಹೊಳೆಯುವ ಒಂದು ದಾರಿ ಹಾಸುತ್ತದೆ. ಕೆರೆ ಕನ್ನಡಿಯಂತೆ ನಿಶ್ಚಲವಾಗಿದ್ದರೆ ಒಂದೇ ಪ್ರತಿಬಿಂಬ ಕಾಣಬೇಕಿತ್ತು. ಆದರೆ ಸಣ್ಣ ತೆರೆಗಳ ಒಂದೊಂದು ಮೈಯೂ ಒಂದೊಂದು ಓರೆಗನ್ನಡಿ. ಅವುಗಳಲ್ಲಿ ಸೂರ್ಯನನ್ನು ಕಣ್ಣಿಗೆ ತಿರುಗಿಸಬಲ್ಲ ಕೋನದಲ್ಲಿರುವವು ಮಾತ್ರ ಮಿನುಗುತ್ತವೆ. ಗಾಳಿ ಹೆಚ್ಚಿದಷ್ಟೂ ದಾರಿ ಅಗಲವಾಗುತ್ತದೆ, ಗಾಳಿ ನಿಂತರೆ ಕಿರಿದಾಗುತ್ತದೆ. ದೋಣಿಯ ಮೂತಿಯಲ್ಲಿ ಕುಳಿತವನಿಗೆ ಆ ದಾರಿ ತನ್ನ ಕಾಲಬುಡಕ್ಕೇ ಬಂದಂತೆ ತೋರುತ್ತದೆ. ಹಿಂಬದಿಯಲ್ಲಿ ಕುಳಿತ ಅಜ್ಜಿಗೆ ಅದು ಅವಳ ಕಾಲಬುಡಕ್ಕೆ. ಇಬ್ಬರೂ ನೋಡುವುದು ಒಂದೇ ದಾರಿಯಲ್ಲ. ಒಂದೇ ದೋಣಿಯಲ್ಲಿ ಎಷ್ಟು ಜೊತೆ ಕಣ್ಣುಗಳಿವೆಯೋ ಅಷ್ಟು ಹೊಳೆಯುವ ದಾರಿಗಳಿರುತ್ತವೆ. ಇದನ್ನು ಕಂಡುಕೊಂಡ ವಿದ್ಯಾರ್ಥಿ ಬಂಗಾರದ ಚೆಂಡಿನ ಗೊಡವೆಗೆ ಹೋಗಲಾರ.

ಬಿಂಬ ಮರೆಯಾದ ಮೇಲೆ ಬೆಳಕು ಬಹಳ ಹೊತ್ತು ನಿಲ್ಲುವುದಿಲ್ಲ. ಉಷ್ಣವಲಯದಲ್ಲಿ ಸೂರ್ಯ ಕಡಿದಾದ ದಾರಿಯಲ್ಲಿ ಇಳಿಯುವುದರಿಂದ ಇಪ್ಪತ್ತು ಇಪ್ಪತ್ತೈದು ನಿಮಿಷಗಳಲ್ಲಿ ದೀಪ ಹಚ್ಚುವಷ್ಟು ಕತ್ತಲಾಗುತ್ತದೆ. ಇಂಗ್ಲಿಷ್ ಕವಿತೆಗಳಲ್ಲಿ ಎಳೆಯುತ್ತಾ ಹೋಗುವ ದೀರ್ಘ ಮುಸ್ಸಂಜೆ ಅವರ ಅಕ್ಷಾಂಶದ್ದು. ಅದನ್ನು ಅನುವಾದಿಸಿ ನಮ್ಮ ಸಂಜೆಗೆ ಹೊದಿಸಿದ ಭಾವಗೀತೆಗಳು ಒಂದು ಕಾಲಕ್ಕೆ ಬೇಕಾದಷ್ಟು ಬಂದವು.

ಮರಳುವಾಗ ಗಾಳಿ ಬಿದ್ದಿದ್ದರೆ ವಾಸನೆ ಮುಟ್ಟುತ್ತದೆ. ಬೇಸಿಗೆಯಲ್ಲಿ ಹೆಚ್ಚು. ಇದನ್ನು ಮೂಗು ಮುಚ್ಚಿಕೊಂಡು ದಾಟಿಸಿಬಿಡುವುದು ಪ್ರವಾಸಿಯ ಕ್ರಮ. ಕೆರೆಯ ಅರ್ಥ ಬಲ್ಲವನು ಕಾರಣ ಕೇಳಬೇಕು. ಈ ನೀರನ್ನು ಒಮ್ಮೆ ನಗರ ಕುಡಿಯುತ್ತಿತ್ತು. 1908ರ ಸೆಪ್ಟೆಂಬರಿನಲ್ಲಿ ಮೂಸಿ ಉಕ್ಕಿ ಸಾವಿರಾರು ಜನ ಸತ್ತಾಗ, ಮುಂಬಯಿ ಸರ್ಕಾರದ ಸೇವೆಯಿಂದ ನಿವೃತ್ತರಾಗಿದ್ದ ವಿಶ್ವೇಶ್ವರಯ್ಯನವರನ್ನು ನಿಜಾಮ ಸರ್ಕಾರ ಕರೆಸಿಕೊಂಡಿತು. ಪ್ರವಾಹವನ್ನು ನಗರಕ್ಕಿಂತ ಮೇಲೆಯೇ ತಡೆಹಿಡಿಯಬೇಕೆಂದು ಅವರು ಹೇಳಿದರು. ಅದರ ಫಲವಾಗಿ 1920ರಲ್ಲಿ ಉಸ್ಮಾನ್‌ಸಾಗರ, 1927ರಲ್ಲಿ ಹಿಮಾಯತ್‌ಸಾಗರ ಸಿದ್ಧವಾದವು. ಕುಡಿಯುವ ನೀರು ಅಲ್ಲಿಂದ ಬರತೊಡಗಿತು, ಹುಸೇನ್‌ಸಾಗರಕ್ಕೆ ಆ ಹೊಣೆ ತಪ್ಪಿತು. ಕುಡಿಯುವವರಿಲ್ಲದ ನೀರು ಕಾಲಕ್ರಮದಲ್ಲಿ ನೋಡುವವರ ನೀರಾಯಿತು. ನಗರ ಬೆಳೆದಂತೆ ಕೂಕಟಪಲ್ಲಿ, ಬಂಜಾರಾ, ಪಿಕೆಟ್, ಬಲ್ಕಾಪುರ ನಾಲೆಗಳ ಮೂಲಕ ಮನೆಗಳ ಕೊಳಚೆಯೂ ಕಾರ್ಖಾನೆಗಳ ಹೊಲಸೂ ಒಳಬಂದವು. ಒಳಬಂದದ್ದು ಏರಿಯ ಹಿಂದೆ ನಿಲ್ಲುತ್ತದೆ, ಕೆರೆಯ ಗುಣವೇ ಅದು. ಕೊಳಚೆಯ ಸಾರವುಂಡು ಪಾಚಿ ಬೆಳೆಯುತ್ತದೆ. ಸತ್ತ ಪಾಚಿ ತಳದಲ್ಲಿ ಕೊಳೆಯುತ್ತಾ ನೀರಿನ ಪ್ರಾಣವಾಯುವನ್ನು ಹೀರುತ್ತದೆ. ಪ್ರಾಣವಾಯು ತೀರಿದ ಕೆಸರಿನಿಂದ ಆ ದುರ್ವಾಸನೆಯ ಅನಿಲ ಏಳುತ್ತದೆ. ಗಣೇಶ ವಿಸರ್ಜನೆಯ ದಿನಗಳಲ್ಲಿ ಗಾರೆಯ ಮೂರ್ತಿಗಳೂ ಬಣ್ಣಗಳೂ ಇದಕ್ಕೆ ಸೇರುತ್ತವೆ. ಜಪಾನಿನ ಸಾಲದ ನೆರವಿನಿಂದ ಶುದ್ಧೀಕರಣದ ಕೆಲಸ ನಡೆದಿದೆ, ಕೊಳಚೆಯನ್ನು ದಾರಿ ತಿರುಗಿಸುವ ಕೊಳವೆಗಳೂ ಬಂದಿವೆ. ಮೊದಲಿಗಿಂತ ವಾಸಿ ಎನ್ನುವವರಿದ್ದಾರೆ. ವಾಸನೆಯಿನ್ನೂ ಪೂರಾ ಹೋಗಿಲ್ಲ.

ಸೊಲ್ಲಾಪುರದ ಸಿದ್ಧೇಶ್ವರ ಕೆರೆಯನ್ನು ದಿನವೂ ದಾಟಿ ತರಗತಿಗೆ ಬರುವ ವಿದ್ಯಾರ್ಥಿಗಳಿಗೆ ಈ ವಿವರಣೆ ಹೊಸದೆನಿಸಲಾರದು. ಅಲ್ಲಿಯ ನೀರಿಗೆ ಏನೇನು ಬಂದು ಸೇರುತ್ತದೆ, ಹೆಚ್ಚಾದ ನೀರು ಯಾವ ಕಡೆ ಹೋಗುತ್ತದೆ, ಏರಿ ಯಾವುದು, ತೂಬು ಎಲ್ಲಿ, ಕೋಡಿ ಎಲ್ಲಿ ಎಂದು ಒಂದು ಭಾನುವಾರ ಹುಡುಕಿ ಬರೆದು ತಂದರೆ ಅದು ರಾಘವಾಂಕನ ಸಿದ್ಧರಾಮ ಚಾರಿತ್ರದ ಪಾಠಕ್ಕೆ ಉಪಯುಕ್ತ ಟಿಪ್ಪಣಿಯಾಗುತ್ತದೆ.

ದೋಣಿ ಕಟ್ಟೆಗೆ ತಾಗುವ ಹೊತ್ತಿಗೆ ನೆಕ್ಲೇಸ್ ರಸ್ತೆಯ ದೀಪಗಳು ಹತ್ತಿರುತ್ತವೆ. ನೀರಿನಲ್ಲಿ ಅವು ಚುಕ್ಕೆಗಳಾಗಿ ಕಾಣದೆ ಉದ್ದುದ್ದ ಗೆರೆಗಳಾಗಿ ಕಾಣುವುದಕ್ಕೂ ತೆರೆಗಳ ಓರೆಗನ್ನಡಿಯೇ ಕಾರಣ. ಇಳಿಯುವವರು ಇಳಿದು ಮುಗಿಯುವ ಮೊದಲೇ ಮುಂದಿನ ಸರದಿಯವರು ನುಗ್ಗುತ್ತಾರೆ. ಮಕ್ಕಳ ಕೈ ಬಿಡಬಾರದು. ಊರಿಗೆ ಅದೇ ರಾತ್ರಿ ಮರಳಬೇಕೆನ್ನುವವರು ಇನ್ನೊಂದು ವಿಷಯ ನೆನಪಿಡಬೇಕು: ಹುಸೇನ್‌ಸಾಗರ ಎಕ್ಸ್‌ಪ್ರೆಸ್ ಹೈದರಾಬಾದಿನಿಂದ ಮಧ್ಯಾಹ್ನವೇ ಹೊರಡುತ್ತದೆ. ಕೆರೆಯ ಹೆಸರಿನ ಗಾಡಿಯನ್ನು ನೆಚ್ಚಿದವರಿಗೆ ಕೆರೆಯ ಸೂರ್ಯಾಸ್ತ ದಕ್ಕುವುದಿಲ್ಲ. ರಾತ್ರಿಯ ಬೇರೆ ಗಾಡಿಗೆ ಮುಂಗಡವಾಗಿ ಚೀಟಿ ಮಾಡಿಸಿಕೊಂಡಿರಬೇಕು.